ಒಂದು ತೆನೆ, ಒಂದು ಮನೆ: ಹೊಸಕ್ಕಿ ಊಟ ಕಲಿಸುವ ಕುಟುಂಬದ ಪಾಠ

ಸೆಪ್ಟೆಂಬರ್ 8 ಹತ್ತಿರ ಬಂತೆಂದರೆ ಕರಾವಳಿಯ ಕಥೋಲಿಕ ಮನೆಗಳಲ್ಲಿ ಒಂದು ಲೆಕ್ಕ ಶುರುವಾಗುತ್ತದೆ. ಈ ಸಲ ಊಟಕ್ಕೆ ಎಷ್ಟು ಬಾಳೆಎಲೆ ಬೇಕು? ಕನ್ಯಾ ಮರಿಯಮ್ಮನವರ ಜನನೋತ್ಸವವಾದ ಈ ದಿನವನ್ನು ನಾವು ಮೊಂತಿ ಹಬ್ಬವೆಂದೂ ತೆನೆ ಹಬ್ಬವೆಂದೂ ಕರೆಯುತ್ತೇವೆ. ಅಂದು ಹೊಸ ಅಕ್ಕಿಯ ಊಟಕ್ಕೆ ಮನೆಮಂದಿಯೆಲ್ಲ ಒಟ್ಟಿಗೆ ಕೂರಬೇಕು ಎಂಬುದು ಹಿರಿಯರ ಕಟ್ಟಳೆ. ಒಂದು ಕಾಲದಲ್ಲಿ ಹದಿನೈದು, ಇಪ್ಪತ್ತು ಎಲೆ ಹಾಕುತ್ತಿದ್ದ ಮನೆಗಳಲ್ಲಿ ಇಂದು ಎರಡೇ ಎಲೆ. ಕೆಲವು ಮನೆಗಳಲ್ಲಿ ಒಂದೇ.

ಎಲೆಗಳು ಕಡಿಮೆಯಾದುದಕ್ಕೆ ದೂರವೊಂದೇ ಕಾರಣವಲ್ಲ. ನಮ್ಮ ಧರ್ಮಕೇಂದ್ರದ ಒಂದು ವಾಳೆಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕು. ಹಬ್ಬಕ್ಕೆ ಮೊದಲು ತೆನೆಯ ಲೆಕ್ಕ ಬರೆದುಕೊಳ್ಳಲು ಗುರಿಕಾರರು ಒಂದು ಹಿತ್ತಿಲಿಗೆ ಹೋದರು. ಅಲ್ಲಿ ವಿಧವೆ ತಾಯಿಯ ಹಳೆಯ ಮನೆ, ಅದರ ಎರಡೂ ಬದಿಗೆ ಇಬ್ಬರು ಗಂಡುಮಕ್ಕಳ ಮನೆಗಳು. ನಡುವೆ ಕೆಂಪುಕಲ್ಲಿನ ಗೋಡೆ. ಬಾವಿಗೆ ಹೋಗುವ ದಾರಿಯ ವಿಷಯದಲ್ಲಿ ಅಣ್ಣತಮ್ಮಂದಿರ ಮಾತು ನಿಂತು ಆರು ವರ್ಷವಾಗಿತ್ತು.

“ಬಾಯಿ, ನಿಮ್ಮ ಹಿತ್ತಿಲಿಗೆ ಎಷ್ಟು ತೆನೆ ಬರೆದುಕೊಳ್ಳಲಿ?” ಎಂದು ಗುರಿಕಾರರು ಕೇಳಿದರು.

“ಒಂದೇ ಬರೆದುಕೊಳ್ಳಿ ಗುರಿಕಾರರೇ. ಎರಡು ತೆನೆ ಬಂದರೆ ನಾನು ಯಾವ ಮನೆಯಲ್ಲಿ ಊಟ ಮಾಡಲಿ?” ಎಂದರು ಆ ತಾಯಿ.

ಆ ಪ್ರಶ್ನೆ ಆ ಒಂದು ಮನೆಯದು ಮಾತ್ರವಲ್ಲ. ಕುಟುಂಬದ ಬಾಂಧವ್ಯದ ಬಗ್ಗೆ ನಾವು ಪ್ರಸಂಗಗಳಲ್ಲಿ ಕೇಳುತ್ತೇವೆ, ಶಿಬಿರಗಳಲ್ಲಿ ಚರ್ಚಿಸುತ್ತೇವೆ. ಆದರೆ ಬಾಂಧವ್ಯ ಎಂಬುದು ಮನಸ್ಸಿನ ಒಂದು ಭಾವನೆಯಾಗಿ ಮಾತ್ರ ಬಹಳ ದಿನ ಬಾಳುವುದಿಲ್ಲ. ಒಟ್ಟಿಗೆ ಉಣ್ಣುವುದು, ಒಟ್ಟಿಗೆ ಪ್ರಾರ್ಥಿಸುವುದು, ಲೆಕ್ಕಪತ್ರ ನೇರವಾಗಿಡುವುದು, ದೂರವಿದ್ದವರ ಪಾಲು ತೆಗೆದಿಡುವುದು ಇಂತಹ ಸಣ್ಣ ಸಣ್ಣ ರೂಢಿಗಳಲ್ಲಿ ಅದು ಬಾಳುತ್ತದೆ. ನಮ್ಮ ಹಿರಿಯರು ಈ ರೂಢಿಗಳನ್ನೆಲ್ಲ ವರ್ಷಕ್ಕೊಮ್ಮೆ ನೆನಪಿಸಿಕೊಳ್ಳಲಿ ಎಂದು ಹೊಸಕ್ಕಿ ಊಟದೊಳಗೆ ಸೇರಿಸಿಟ್ಟಿದ್ದಾರೆ. ಅದರ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡೋಣ.

ಹಬ್ಬ ಬಂದ ದಾರಿ

ಹೊಸ ಬೆಳೆಯನ್ನು ದೇವರಿಗೆ ಅರ್ಪಿಸಿ ಉಣ್ಣುವುದು ಕರಾವಳಿಯಲ್ಲಿ ಎಲ್ಲರಿಗೂ ಪರಿಚಿತವಾದ ಆಚರಣೆ. ನಮ್ಮ ತುಳುವ ನೆರೆಹೊರೆಯವರಲ್ಲಿ ಅದು ಪುದ್ವಾರ್, ಕೊಡಗಿನಲ್ಲಿ ಹುತ್ತರಿ. ಗೋವದ ಕ್ರೈಸ್ತರು ಆಗಸ್ಟ್ ತಿಂಗಳಲ್ಲಿ ಕೊಣ್ಶಾಚೆಂ ಫೆಸ್ತ್ ಎಂಬ ತೆನೆಯ ಹಬ್ಬ ಆಚರಿಸುತ್ತಾರೆ. ಗೋವದಿಂದ ಕರಾವಳಿಗೆ ವಲಸೆ ಬಂದ ನಮ್ಮ ಪೂರ್ವಜರೂ ಈ ಬೇಸಾಯದ ಸಂಪ್ರದಾಯವನ್ನು ಕೈಬಿಡಲಿಲ್ಲ. ನೊವೆಂ ಎಂದು ಕೊಂಕಣಿಯಲ್ಲಿ ಕರೆಯುವ ಈ ಹೊಸ ಬೆಳೆಯ ಹಬ್ಬ ಮರಿಯಮ್ಮನವರ ಹುಟ್ಟುಹಬ್ಬದ ಜೊತೆ ಸೇರಿತು.

ಮೊಂತಿ ಎಂಬ ಹೆಸರು ಬಂಟ್ವಾಳ ತಾಲೂಕಿನ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಿಂದ ಬಂದದ್ದೆಂದು ಹೇಳುತ್ತಾರೆ. ಮೊಂತೆ ಮರಿಯಾನೊ ಎಂದರೆ ಮರಿಯಮ್ಮನವರ ಬೆಟ್ಟ. ನೇತ್ರಾವತಿ ದಡದ ಈ ಚರ್ಚಿನಲ್ಲಿ ಗೋವದ ಧರ್ಮಗುರು ವಂದನೀಯ ಜೋಕಿಂ ಮಿರಾಂದ ಅವರು 1763ರಲ್ಲಿ ಈ ಹಬ್ಬವನ್ನು ಆರಂಭಿಸಿದರೆಂಬುದು ನಂಬಿಕೆ. ಮುಂದೆ 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. 1799ರ ನಂತರ ಮರಳಿ ಬಂದವರು ಅಳಿದುಳಿದ ಬಂಧುಗಳನ್ನು ಹುಡುಕಿ, ಹೊಲಮನೆಗಳನ್ನು ಮತ್ತೆ ಕಟ್ಟಿಕೊಳ್ಳಬೇಕಾಯಿತು. ನಮ್ಮ ಕುಟುಂಬಗಳು ಚದುರಿದ್ದು ಇದು ಮೊದಲ ಸಲವಲ್ಲ, ಚದುರಿದವರು ಮತ್ತೆ ಕೂಡಿದ್ದೂ ಉಂಟು ಎಂಬುದನ್ನು ಈ ಇತಿಹಾಸ ನೆನಪಿಸುತ್ತದೆ.

ಇಂದಿಗೂ ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ ನಡೆಯುತ್ತದೆ. ಮಕ್ಕಳು ಹಿತ್ತಿಲಿನ ಹೂಗಳನ್ನು ಕೊಯ್ದು ಬುಟ್ಟಿಯಲ್ಲಿ ತಂದು ಬಾಲ ಮರಿಯಮ್ಮನವರ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ತೆನೆಗಳ ಆಶೀರ್ವಚನ, ಮೆರವಣಿಗೆ, ಬಲಿಪೂಜೆ. ಹೂ ತಂದ ಮಕ್ಕಳಿಗೆ ಕಬ್ಬು. ನಂತರ ಕುಟುಂಬಕ್ಕೊಂದರಂತೆ ತೆನೆ ಮನೆಗೆ ಬರುತ್ತದೆ.

ಎಲೆಯ ಮೇಲಿರುವ ಪಾಠಗಳು

ಮೊದಲನೆಯದು, ತೆನೆ ಬರುವುದು ಆಳಿಗೊಂದರಂತಲ್ಲ, ಕುಟುಂಬಕ್ಕೊಂದರಂತೆ. ಅದನ್ನು ಮನೆಯ ಪೀಠದಲ್ಲಿಟ್ಟು ಪ್ರಾರ್ಥಿಸುತ್ತಾರೆ. ಕಾಳುಗಳನ್ನು ಬಿಡಿಸಿ, ಸಿಪ್ಪೆ ತೆಗೆದು, ಪುಡಿ ಮಾಡಿ ಹಾಲಿಗೋ ತೆಂಗಿನಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಒಂದು ತೆನೆಯಲ್ಲಿ ಕಾಳುಗಳೇ ಎಷ್ಟು? ಹತ್ತು ಜನರ ಹೊಟ್ಟೆ ತುಂಬಿಸಲು ಅದು ಸಾಲದು. ಹೊಟ್ಟೆ ತುಂಬಿಸುವುದು ಅದರ ಉದ್ದೇಶವೂ ಅಲ್ಲ. ಒಂದೇ ತೆನೆಯ ಕಾಳು ಎಲ್ಲರ ಬಾಯಿಗೂ ಹೋಗಬೇಕು, ಅಷ್ಟೇ.

ಎರಡನೆಯದು, ಮನೆಯ ಹಿರಿಯರು ಪ್ರಾರ್ಥನೆ ನಡೆಸಿ ತಮ್ಮ ಕೈಯಿಂದಲೇ ಹೊಸಕ್ಕಿಯನ್ನು ಹಂಚುತ್ತಾರೆ. ವರ್ಷವಿಡೀ ಮೂಲೆಯಲ್ಲಿ ಕುಳಿತ ಅಜ್ಜನೋ ಅಜ್ಜಿಯೋ ಅಂದು ಊಟದ ನಡುವಿಗೆ ಬರುತ್ತಾರೆ. ಸಂಬಳ ತರುವ ಮಗನಾಗಲಿ, ಮನೆ ನಡೆಸುವ ಸೊಸೆಯಾಗಲಿ ಅಂದು ಅವರ ಕೈಯಿಂದಲೇ ಪಡೆಯಬೇಕು.

ಮೂರನೆಯದು, ಅಂದಿನ ಊಟ ಸಸ್ಯಾಹಾರ. ಪದಾರ್ಥಗಳ ಸಂಖ್ಯೆ ಮೂರು, ಐದು, ಏಳು, ಒಂಬತ್ತು ಹೀಗೆ ಬೆಸ ಇರುತ್ತದೆ. ಮೀನು ಮಾಂಸವಿಲ್ಲದ ಹಬ್ಬವೇ ನಮ್ಮಲ್ಲಿ ಅಪರೂಪ. ಬೆಂಡೆ, ತೊಂಡೆ, ಹೀರೆ, ಅಲಸಂಡೆ, ಕೆಸುವಿನ ದಂಟು, ಮೊಳಕೆ ಬರಿಸಿದ ಹೆಸರುಕಾಳು ಎಲ್ಲವೂ ಮಳೆಗಾಲದ ಹಿತ್ತಿಲಿನಲ್ಲಿ ಸಿಗುವಂಥವು. ಹಣವಿಲ್ಲದ ಮನೆಗೂ ಈ ಊಟ ಸಾಧ್ಯ. ಅದಕ್ಕೆ ಹೆಚ್ಚು ಬೇಕಾದದ್ದು ಹಣವಲ್ಲ, ಕೈಗಳು. ಒಬ್ಬರು ತರಕಾರಿ ಹೆಚ್ಚಬೇಕು, ಒಬ್ಬರು ತೆಂಗಿನಕಾಯಿ ತುರಿಯಬೇಕು, ಒಬ್ಬರು ಎಲೆ ತರಬೇಕು, ಮಕ್ಕಳು ಕಾಳು ಬಿಡಿಸಬೇಕು. ಒಬ್ಬರೇ ಮಾಡಿದರೆ ಅದು ಹಬ್ಬವಾಗುವುದಿಲ್ಲ, ದುಡಿತವಾಗುತ್ತದೆ. ಎಲ್ಲವನ್ನೂ ಅಮ್ಮನ ತಲೆಗೆ ಕಟ್ಟಿ ಊಟದ ಹೊತ್ತಿಗೆ ಬಂದು ಕೂರುವವರು ಈ ಮಾತನ್ನು ಗಮನಿಸಬೇಕು.

ನಾಲ್ಕನೆಯದು, ದೂರದವರ ಪಾಲು. ಹಿಂದೆ ಬೊಂಬಾಯಿಯಲ್ಲಿದ್ದವರಿಗೆ, ಆಮೇಲೆ ಗಲ್ಫಿಗೆ ಹೋದವರಿಗೆ ಕಾಗದದ ಮಡಿಕೆಯಲ್ಲಿ ನಾಲ್ಕಾರು ಕಾಳುಗಳನ್ನು ಇಟ್ಟು ಅಂಚೆಯಲ್ಲಿ ಕಳುಹಿಸುತ್ತಿದ್ದರು. ಪತ್ರದ ಒಕ್ಕಣೆ ಎರಡೇ ಸಾಲಿದ್ದರೂ ಕಾಳು ಇರುತ್ತಿತ್ತು. ಹಬ್ಬ ಕಳೆದು ಎರಡು ವಾರದ ಮೇಲೆ ಲಕೋಟೆ ತಲುಪಿದರೂ ಅದನ್ನು ಹಾಲಿಗೆ ಹಾಕಿ ಕುಡಿದರೆ ಮನೆಯ ಊಟದಲ್ಲಿ ಪಾಲುಗೊಂಡಂತೆ. ಇಂದು ಕೆಲವು ದೇಶಗಳು ಬೀಜ, ಧಾನ್ಯಗಳನ್ನು ಅಂಚೆಯಲ್ಲಿ ತರಿಸಲು ಬಿಡುವುದಿಲ್ಲ, ಆದ್ದರಿಂದ ಅಲ್ಲಿನ ನಿಯಮ ವಿಚಾರಿಸಿಯೇ ಕಳುಹಿಸಬೇಕು. ಆದರೆ ಮಡಿಕೆಯಲ್ಲಿ ಹೋಗುತ್ತಿದ್ದದ್ದು ಅಕ್ಕಿಯಷ್ಟೇ ಅಲ್ಲ. ‘ನೀನು ಇಲ್ಲಿಲ್ಲ, ಆದರೂ ನಿನ್ನ ಪಾಲು ಇಲ್ಲಿದೆ’ ಎಂಬ ಮಾತು ಅದರೊಂದಿಗೆ ಹೋಗುತ್ತಿತ್ತು.

ಮನೆ ಚದುರಿದ ಬಗೆ

ಕೂಡುಕುಟುಂಬ ಒಡೆದದ್ದು ಇಂದಿನ ಯುವಜನರ ಸ್ವಾರ್ಥದಿಂದ ಎಂದು ಹೇಳಿಬಿಡುವುದು ಸುಲಭ. ಅದು ಪೂರ್ತಿ ನ್ಯಾಯವಲ್ಲ. ಕರಾವಳಿಯ ಹಳೆಯ ಮನೆಗಳು ಬೇಸಾಯದ ಸುತ್ತ ಕಟ್ಟಿದವು. ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುವಲ್ಲಿ ನೇಜಿ ನೆಡಲು, ಕೊಯ್ಯಲು, ಬಡಿಯಲು, ಹಟ್ಟಿ ನೋಡಿಕೊಳ್ಳಲು ಕೈಗಳು ಬೇಕಿದ್ದವು. ಒಟ್ಟಿಗಿರುವುದು ಪ್ರೀತಿಯೂ ಹೌದು, ಅಗತ್ಯವೂ ಹೌದು.

ನಮ್ಮವರಲ್ಲಿ ಅನೇಕರು ಗೇಣಿ ಒಕ್ಕಲುಗಳಾಗಿದ್ದರು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಕರ್ನಾಟಕ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ ಡಿಕ್ಲರೇಷನ್ ಕೊಟ್ಟವರು ತಾವು ಉಳುತ್ತಿದ್ದ ಗದ್ದೆಗೆ ಒಡೆಯರಾದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಗಲ್ಫ್ ದೇಶಗಳ ಬಾಗಿಲೂ ತೆರೆಯಿತು. ಭೂಮಿ ಸ್ವಂತದ್ದಾದಾಗಲೇ ಅದನ್ನು ಉಳುವ ಕೈಗಳು ಊರು ಬಿಟ್ಟವು. ಗಲ್ಫಿನ ಹಣದಿಂದ ಮಕ್ಕಳು ಓದಿದರು, ಅಕ್ಕತಂಗಿಯರ ಮದುವೆಯಾಯಿತು, ಹುಲ್ಲಿನ ಮಾಡು ಹೋಗಿ ಹಂಚು ಬಂತು, ಹಂಚು ಹೋಗಿ ಟೆರೇಸು ಬಂತು. ಊರು ಬಿಟ್ಟವರಲ್ಲಿ ಹೆಚ್ಚಿನವರು ಮನೆಯನ್ನು ಬಿಟ್ಟು ಹೋದವರಲ್ಲ, ಮನೆಗಾಗಿಯೇ ಹೋದವರು. ಇದನ್ನು ಊರಿನಲ್ಲಿ ಉಳಿದವರು ಮರೆಯಬಾರದು.

ಹಾಗೆಯೇ ಊರಿನಲ್ಲಿ ಉಳಿದವರ ತ್ಯಾಗವನ್ನು ಹೋದವರೂ ಮರೆಯಬಾರದು. ತಂದೆಯನ್ನು ರಾತ್ರಿ ಆಸ್ಪತ್ರೆಗೆ ಕರೆದೊಯ್ದವನು, ತಾಯಿಯ ಹಾಸಿಗೆ ಬದಲಿಸಿದ ಸೊಸೆ, ಅಡಿಕೆಗೆ ಮದ್ದು ಬಿಡಿಸಿದವನು, ಸತ್ತಕೆಟ್ಟದ್ದಕ್ಕೆ ಮನೆಯ ಪರವಾಗಿ ಹೋದವನು ಊರಿನಲ್ಲಿ ಉಳಿದ ಆ ಒಬ್ಬ ಮಗ. ಹಣ ಕಳುಹಿಸಿದವನ ಲೆಕ್ಕ ಬ್ಯಾಂಕಿನ ಪುಸ್ತಕದಲ್ಲಿರುತ್ತದೆ. ಸೇವೆ ಮಾಡಿದವನ ಲೆಕ್ಕ ಎಲ್ಲಿಯೂ ಇರುವುದಿಲ್ಲ. ನಮ್ಮ ಕುಟುಂಬಗಳ ಮನಸ್ತಾಪ ಅನೇಕ ಸಲ ಹುಟ್ಟುವುದು ಇಲ್ಲಿ.

ಆಸ್ತಿಯ ಮಾತು ಆಡುವುದು ಪಾಪವಲ್ಲ

ಸಂತ ಲೂಕರ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಒಬ್ಬ ಮನುಷ್ಯ ಜನಜಂಗುಳಿಯ ನಡುವಿನಿಂದ ಯೇಸುಸ್ವಾಮಿಯ ಬಳಿ ಬಂದು, ಪಿತ್ರಾರ್ಜಿತ ಆಸ್ತಿಯಲ್ಲಿ ನನಗೆ ಪಾಲು ಕೊಡುವಂತೆ ನನ್ನ ಸಹೋದರನಿಗೆ ಹೇಳಿ ಎಂದು ಬೇಡುತ್ತಾನೆ. ಪಾಲು ಮಾಡುವ ಪಂಚಾಯಿತಿದಾರನಾಗಲು ಯೇಸು ಒಪ್ಪುವುದಿಲ್ಲ. ಬದಲಿಗೆ ಎಲ್ಲ ಬಗೆಯ ಲೋಭದ ಬಗ್ಗೆ ಎಚ್ಚರಿಸುತ್ತಾರೆ. ಎರಡು ಸಾವಿರ ವರ್ಷದ ಹಿಂದಿನ ಆ ದೂರು ಇಂದು ನಮ್ಮ ಅನೇಕ ಮನೆಗಳಲ್ಲಿ ಕೇಳಿಬರುತ್ತದೆ.

ಲೋಭ ಒಂದು ಕಾರಣ. ಮೌನ ಇನ್ನೊಂದು ಕಾರಣ. ತಂದೆತಾಯಿ ಬದುಕಿರುವಾಗ ಆಸ್ತಿಯ ಮಾತೆತ್ತುವುದು ಅಪಶಕುನವೆಂದು ನಾವು ಸುಮ್ಮನಿರುತ್ತೇವೆ. ಅವರು ತೀರಿಕೊಂಡ ನಲವತ್ತನೇ ದಿನಕ್ಕೆ ಮಾತು ಜಗಳವಾಗಿ ಶುರುವಾಗುತ್ತದೆ. ಆದ್ದರಿಂದ ಪ್ರತಿ ಕುಟುಂಬಕ್ಕೂ ಕಾನೂನಿನ ಕೆಲವು ಮೂಲ ಸಂಗತಿಗಳು ತಿಳಿದಿರಬೇಕು.

ಭಾರತದ ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಬರೆಯದೆ ತಂದೆ ತೀರಿಕೊಂಡರೆ ಆಸ್ತಿಯ ಮೂರನೇ ಒಂದು ಪಾಲು ತಾಯಿಗೆ, ಉಳಿದ ಮೂರನೇ ಎರಡು ಪಾಲು ಮಕ್ಕಳಿಗೆ ಸಮನಾಗಿ ಸೇರುತ್ತದೆ. ಇದರಲ್ಲಿ ಗಂಡುಮಕ್ಕಳು, ಹೆಣ್ಣುಮಕ್ಕಳು ಎಂಬ ಭೇದವಿಲ್ಲ. ಮದುವೆ ಮಾಡಿಕೊಟ್ಟಿದ್ದೇವೆ, ಚಿನ್ನ ಹಾಕಿದ್ದೇವೆ ಎಂದ ಮಾತ್ರಕ್ಕೆ ಮಗಳ ಹಕ್ಕು ಹೋಗುವುದಿಲ್ಲ. ಭಾರತದ ಧರ್ಮಸಭೆ ಸೆಪ್ಟೆಂಬರ್ 8ನ್ನು ಹೆಣ್ಣುಮಗುವಿನ ದಿನವನ್ನಾಗಿಯೂ ಆಚರಿಸುತ್ತದೆ. ಹೂಬುಟ್ಟಿ ಹಿಡಿದ ಮಗಳನ್ನು ಅಂದು ಹೊಗಳಿ, ಪಾಲಿನ ದಿನ ಅವಳಿಂದ ಸಹಿ ಮಾತ್ರ ಕೇಳುವುದು ಸರಿಯೇ? ಅವಳು ತನ್ನ ಪಾಲನ್ನು ತಾನಾಗಿ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ. ಕೇಳದೆಯೇ ಕಳೆದುಬಿಟ್ಟರೆ ಅದು ಅನ್ಯಾಯ.

ಉಯಿಲು ಬರೆದಿಡುವುದು ಸಾವನ್ನು ಕರೆಯುವ ಕೆಲಸವಲ್ಲ, ಜಗಳವನ್ನು ತಡೆಯುವ ಕೆಲಸ. ಬರೆಯುವವರು ಸ್ವಸ್ಥಬುದ್ಧಿಯಲ್ಲಿದ್ದು ಸಹಿ ಮಾಡಬೇಕು, ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಉಯಿಲಿನಿಂದ ಆಸ್ತಿ ಪಡೆಯುವವರಾಗಲಿ ಅವರ ಗಂಡ ಅಥವಾ ಹೆಂಡತಿಯಾಗಲಿ ಸಾಕ್ಷಿಯಾಗಬಾರದು, ಆದರೆ ಅವರಿಗೆ ಬರೆದ ಪಾಲು ಅಸಿಂಧುವಾಗುತ್ತದೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಸೇವೆ ಮಾಡಿದ ಮಗನಿಗೋ ಮಗಳಿಗೋ ಸ್ವಲ್ಪ ಹೆಚ್ಚು ಕೊಡಬೇಕೆಂದಿದ್ದರೆ ಅದನ್ನು ಬದುಕಿರುವಾಗಲೇ ಎಲ್ಲ ಮಕ್ಕಳ ಎದುರು ಕಾರಣ ಸಹಿತ ಹೇಳಿಬಿಡುವುದು ಮೇಲು. ಪಾಲು ಎಷ್ಟು ಎಂಬುದಕ್ಕಿಂತ ತನಗೆ ಯಾರೂ ಹೇಳಲಿಲ್ಲ ಎಂಬ ನೋವು ಹೆಚ್ಚು ದಿನ ಉಳಿಯುತ್ತದೆ.

ಹಿರಿಯರ ಎಲೆ

ದೊಡ್ಡ ಮನೆ, ಗೇಟಿಗೆ ಬೀಗ, ಒಳಗೆ ಒಬ್ಬರೇ ಅಜ್ಜಿ. ನಮ್ಮ ವಾಳೆಗಳಲ್ಲಿ ಇದು ಈಗ ಸಾಮಾನ್ಯ ನೋಟ. ಹಣದ ಕೊರತೆ ಇಲ್ಲ, ಔಷಧದ ಕೊರತೆ ಇಲ್ಲ, ಮಾತಿನ ಕೊರತೆ ಇದೆ. ವಾರಕ್ಕೊಮ್ಮೆ ಬರುವ ವಿಡಿಯೋ ಕರೆಯಲ್ಲಿ ಅವರು ಎಲ್ಲವೂ ಚೆನ್ನಾಗಿದೆ ಎನ್ನುತ್ತಾರೆ, ದೂರದ ಮಕ್ಕಳಿಗೆ ಚಿಂತೆ ಕೊಡಬಾರದೆಂದು. ಬಿದ್ದು ಕೈ ನೋಯಿಸಿಕೊಂಡದ್ದು ಪಕ್ಕದ ಮನೆಯವರಿಗೆ ಮಾತ್ರ ಗೊತ್ತಿರುತ್ತದೆ.

2025ರಲ್ಲಿ ನಿಧನರಾದ ಪೋಪ್ ಫ್ರಾನ್ಸಿಸ್ ಅವರು ಹಿರಿಯರನ್ನು ಬದಿಗೆ ಸರಿಸುವ ಸಂಸ್ಕೃತಿಯ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದವರು. ಯೇಸುವಿನ ಅಜ್ಜ ಅಜ್ಜಿಯರಾದ ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬ ಜುಲೈ 26ರಂದು ಬರುತ್ತದೆ. ಅದಕ್ಕೆ ಹತ್ತಿರವಾಗುವಂತೆ ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅವರು 2021ರಲ್ಲಿ ಅಜ್ಜ ಅಜ್ಜಿಯರ ಮತ್ತು ಹಿರಿಯರ ವಿಶ್ವ ದಿನವನ್ನಾಗಿ ಸ್ಥಾಪಿಸಿದರು. ಸೆಪ್ಟೆಂಬರ್ 8ರಂದು ನಾವು ಹುಟ್ಟುಹಬ್ಬ ಆಚರಿಸುವ ಮರಿಯಮ್ಮ ಆ ಇಬ್ಬರು ಹಿರಿಯರ ಮಗಳು. ಹಾಗಾಗಿ ಇದು ಅವರ ಮನೆಯ ಹಬ್ಬವೂ ಹೌದು.

ಕಾನೂನು ಕೂಡ ಹಿರಿಯರ ಪರವಾಗಿದೆ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಾಭಿವೃದ್ಧಿ ಕಾಯ್ದೆಯ ಪ್ರಕಾರ ತಮ್ಮನ್ನು ತಾವು ನೋಡಿಕೊಳ್ಳಲಾಗದ ತಂದೆತಾಯಿ ಮಕ್ಕಳಿಂದ ಪೋಷಣೆ ಕೇಳಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಮಕ್ಕಳ ಹೆಸರಿಗೆ ಆಸ್ತಿ ಬರೆದುಕೊಟ್ಟು, ಅವರು ಆ ಮಾತು ತಪ್ಪಿದರೆ, ಆ ದಾನಪತ್ರವನ್ನು ರದ್ದುಗೊಳಿಸಲು ಅವಕಾಶವಿದೆ. ಅದಕ್ಕಾಗಿ ಆ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸುವುದು ಜಾಣತನ. ಹಿರಿಯರಿಗಾಗಿ 14567 ಎಂಬ ಉಚಿತ ಸಹಾಯವಾಣಿಯೂ ಇದೆ. ಆದರೆ ಕಾನೂನು ಊಟದ ಖರ್ಚು ಕೊಡಿಸಬಲ್ಲದು, ಎಲೆಯ ಮುಂದೆ ಜೊತೆಗೆ ಕೂರಿಸಲಾರದು. ಅದು ನಮ್ಮದೇ ಕೆಲಸ.

ವರ್ಷದ ಒಂದು ದಿನ ಸಾಲದು

ಹೊಸಕ್ಕಿ ಊಟ ವರ್ಷಕ್ಕೊಂದು ಸಲ. ಉಳಿದ 364 ದಿನ ನಮ್ಮ ಮನೆಯಲ್ಲಿ ಊಟ ಹೇಗೆ ನಡೆಯುತ್ತದೆ? ಅಪ್ಪ ಟಿವಿಯ ಮುಂದೆ, ಮಗ ಕೋಣೆಯಲ್ಲಿ ಮೊಬೈಲಿನೊಂದಿಗೆ, ಮಗಳು ಟ್ಯೂಷನ್ನಿನಿಂದ ಬಂದು ತಡವಾಗಿ, ಅಮ್ಮ ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ. ಒಂದೇ ಮಾಡಿನ ಕೆಳಗೆ ನಾಲ್ಕು ಊಟ. ಪೋಪ್ ಫ್ರಾನ್ಸಿಸ್ ಅವರು 2016ರ ‘ಅಮೋರಿಸ್ ಲೆತಿಸಿಯಾ’ ಎಂಬ ಪ್ರೇಷಿತ ಪ್ರಬೋಧನಾ ಪತ್ರದಲ್ಲಿ ಊಟದ ಹೊತ್ತಿನಲ್ಲಿ ಪ್ರತಿಯೊಬ್ಬರೂ ಮೊಬೈಲಿನಲ್ಲಿ ಮುಳುಗಿರುವ ಇದೇ ನೋಟವನ್ನು ಹೆಸರಿಸಿ ಎಚ್ಚರಿಸಿದ್ದಾರೆ. ಅದೇ ಪತ್ರದಲ್ಲಿ ಕುಟುಂಬಕ್ಕೆ ಮೂರು ಮಾತು ಬೇಕು ಎಂದಿದ್ದಾರೆ: ಅಪ್ಪಣೆ ಕೇಳುವ ಮಾತು, ಕೃತಜ್ಞತೆಯ ಮಾತು, ಕ್ಷಮೆಯ ಮಾತು. ಜಗಳವಾದರೆ ಆಗಲಿ, ಆದರೆ ಸಮಾಧಾನ ಮಾಡಿಕೊಳ್ಳದೆ ದಿನ ಮುಗಿಸಬೇಡಿ ಎಂಬುದು ಅವರು ದಂಪತಿಗಳಿಗೆ ಕೊಡುತ್ತಿದ್ದ ಸಲಹೆ.

ನಮ್ಮ ಭಾಷೆಗಳಲ್ಲಿ ಮನೆಯವರಿಗೆ ಥ್ಯಾಂಕ್ಸ್ ಹೇಳುವ ರೂಢಿ ಕಡಿಮೆ. “ಸಾರು ಚೆನ್ನಾಗಿದೆ” ಎಂದರೆ ಅದೇ ಕೃತಜ್ಞತೆ. “ಊಟ ಮಾಡಿದಿಯಾ?” ಎಂದು ಮುನಿಸಿಕೊಂಡವಳನ್ನು ಕೇಳಿದರೆ ಅದೇ ಕ್ಷಮೆಯ ಮಾತು. ಶಬ್ದ ಯಾವುದಾದರೂ ಇರಲಿ, ಬಾಯಿಂದ ಬರಲಿ.

ಸಂಜೆಯ ಜಪಮಾಲೆ ನಮ್ಮ ಮನೆಗಳ ಇನ್ನೊಂದು ಆಸ್ತಿ. ಏಳು ಗಂಟೆಗೆ ದೀಪ ಹಚ್ಚಿ ತೆರ್ಸಿಗೆ ಮೊಣಕಾಲೂರುವಾಗ ಮನೆಯಲ್ಲಿ ಇರದವರ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಹಿರಿಯರಿಂದ ಆಶೀರ್ವಾದ ಪಡೆಯುತ್ತಿದ್ದರು. ಬೆಳಗಿನಿಂದ ಮಾತು ಬಿಟ್ಟವರೂ ಆ ಹೊತ್ತಿಗೆ ಒಬ್ಬರ ಮುಖ ಒಬ್ಬರು ನೋಡಲೇಬೇಕಿತ್ತು. ಪೋಪ್ ಎರಡನೇ ಜಾನ್ ಪಾಲ್ ಅವರು 2002ರ ಅಕ್ಟೋಬರಿನಲ್ಲಿ ಜಪಮಾಲೆಯ ಬಗ್ಗೆ ಬರೆದ ಪ್ರೇಷಿತ ಪತ್ರದಲ್ಲಿ, ಕುಟುಂಬಗಳು ಅಪರೂಪಕ್ಕೆ ಒಟ್ಟು ಸೇರಿದಾಗಲೂ ಟಿವಿ ನೋಡುವುದರಲ್ಲಿಯೇ ಹೊತ್ತು ಕಳೆಯುತ್ತವೆ ಎಂದು ಗುರುತಿಸಿ, ಮನೆಯ ಜಪಮಾಲೆಗೆ ಮರಳಲು ಕರೆಕೊಟ್ಟಿದ್ದರು. ಟಿವಿಯ ಜಾಗಕ್ಕೆ ಮೊಬೈಲು ಬಂದಿದೆ, ಮಾತು ಹಾಗೆಯೇ ನಿಜವಾಗಿದೆ. ಐದೂ ರಹಸ್ಯಗಳಿಗೆ ಸಮಯವಿಲ್ಲದಿದ್ದರೆ ಒಂದು ರಹಸ್ಯವಾದರೂ ಸಾಕು, ಎಲ್ಲರೂ ಸೇರಿ ಹೇಳಿದರೆ.

ಧರ್ಮಕೇಂದ್ರದಲ್ಲಿ ಏನು ಮಾಡಬಹುದು?

ಗುರಿಕಾರರು, ಕಿರು ಕ್ರೈಸ್ತ ಸಮುದಾಯದ ಪ್ರತಿನಿಧಿಗಳು, ಸಂಘಸಂಸ್ಥೆಗಳ ಕಾರ್ಯಕರ್ತರು ಹಬ್ಬದ ಸಿದ್ಧತೆಯೊಂದಿಗೆ ಈ ಕೆಲವು ವಿಷಯಗಳನ್ನು ಯೋಚಿಸಬಹುದು.

ಒಂದು, ತೆನೆಯ ಲೆಕ್ಕ ಬರೆದುಕೊಳ್ಳುವಾಗಲೇ ಹಬ್ಬದ ದಿನ ಒಬ್ಬರೇ ಊಟ ಮಾಡುವವರು ಯಾರು ಎಂಬುದನ್ನೂ ಗಮನಿಸುವುದು. ಅವರ ಮನೆಗೆ ಊಟದ ಪೊಟ್ಟಣ ಕಳುಹಿಸುವುದಕ್ಕಿಂತ ಅವರನ್ನು ಒಂದು ಮನೆಯ ಎಲೆಗೆ ಕರೆಯುವುದು ಮೇಲು. ನಡೆಯಲಾರದವರಾದರೆ ಒಂದು ಕುಟುಂಬವೇ ಅವರ ಮನೆಗೆ ಹೋಗಿ ಉಣ್ಣಲಿ.

ಎರಡು, ನೊವೆನಾದ ಒಂದು ದಿನವನ್ನು ರಾಜಿ ಸಂಧಾನಕ್ಕೆ ಮೀಸಲಿಡುವುದು. ಪೀಠದ ಮುಂದೆ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆ ಅಲ್ಲಿಯೇ ಬಿಟ್ಟು ಮೊದಲು ಹೋಗಿ ಒಂದಾಗು ಎಂಬರ್ಥದ ಮಾತನ್ನು ಸಂತ ಮತ್ತಾಯರು 5ನೇ ಅಧ್ಯಾಯದಲ್ಲಿ ದಾಖಲಿಸಿದ್ದಾರೆ. ನಾವು ಒಂಬತ್ತು ದಿನ ಹೂ ಅರ್ಪಿಸುತ್ತೇವೆ. ಅಷ್ಟರಲ್ಲಿ ಒಂದು ಮನೆಯ ಬಾಗಿಲನ್ನಾದರೂ ತಟ್ಟಬಹುದು. ಪಾಪನಿವೇದನೆಗೆ ಬರುವವರಿಗೂ ಇದನ್ನು ನೆನಪಿಸಬಹುದು.

ಮೂರು, ಉಯಿಲು, ಪಾಲುಪತ್ರ, ಹಿರಿಯ ನಾಗರಿಕರ ಕಾಯ್ದೆಯ ಬಗ್ಗೆ ವಕೀಲರೊಬ್ಬರಿಂದ ವಾಳೆ ಮಟ್ಟದಲ್ಲಿ ಮಾಹಿತಿ ಕೊಡಿಸುವುದು. ನಮ್ಮಲ್ಲಿ ಕಲಿತ ವಕೀಲರಿಗೆ ಕೊರತೆಯಿಲ್ಲ.

ನಾಲ್ಕು, ಯುವಜನರು ಹಿರಿಯರ ಬಳಿ ಕುಳಿತು ಮನೆತನದ ಹೆಸರುಗಳನ್ನು, ಹಳೆಯ ಅಡುಗೆಗಳನ್ನು, ಗದ್ದೆಯ ಕಥೆಗಳನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳುವುದು. ಮೊಬೈಲಿಗೂ ಒಂದು ಒಳ್ಳೆಯ ಕೆಲಸ ಸಿಕ್ಕಂತಾಯಿತು, ಅಜ್ಜಿಗೆ ಮಾತಾಡಲು ಒಬ್ಬರು ಸಿಕ್ಕಂತಾಯಿತು.

ಐದು, ಗದ್ದೆ ಉಳಿದಿರುವ ಕಡೆ ಮಕ್ಕಳನ್ನು ತೆನೆ ಕೊಯ್ಯಲು ಕರೆದೊಯ್ಯುವುದು. ಭತ್ತದ ಬೇಸಾಯ ಕಡಿಮೆಯಾಗಿ ತೆನೆಯನ್ನೂ ಬೇರೆ ಊರಿನಿಂದ ತರಿಸುವ ಸ್ಥಿತಿ ಅನೇಕ ಕಡೆ ಇದೆ. ಅನ್ನ ಎಷ್ಟು ಕೈಗಳಿಂದ ಬರುತ್ತದೆ ಎಂದು ಕಂಡ ಮಗು ಕೂಡಿ ಬಾಳುವುದನ್ನು ಬೇಗ ಕಲಿಯುತ್ತದೆ.

ಹೊರಗೆ ನಿಂತ ಅಣ್ಣ

ದುಂದುಗಾರ ಮಗನ ಸಾಮತಿಯನ್ನು ನಾವು ಹೇಳುವಾಗ ಮನೆಗೆ ಮರಳಿದ ತಮ್ಮನ ಬಗ್ಗೆಯೇ ಹೆಚ್ಚು ಹೇಳುತ್ತೇವೆ. ಆದರೆ ಸಂತ ಲೂಕರ 15ನೇ ಅಧ್ಯಾಯದ ಕೊನೆಯಲ್ಲಿ ಔತಣದ ಮನೆಯ ಹೊರಗೆ ಸಿಟ್ಟಿನಿಂದ ನಿಂತವನು ಊರಿನಲ್ಲಿಯೇ ಉಳಿದು ದುಡಿದ ಅಣ್ಣ. ತಂದೆ ಊಟ ಬಿಟ್ಟು ಹೊರಗೆ ಬಂದು ಅವನನ್ನೂ ಒಳಗೆ ಕರೆಯುತ್ತಾನೆ. ಅಣ್ಣ ಒಳಗೆ ಹೋದನೇ ಎಂಬುದನ್ನು ಶುಭಸಂದೇಶ ಹೇಳುವುದಿಲ್ಲ. ಆ ಉತ್ತರವನ್ನು ನಮಗೆ ಬಿಡಲಾಗಿದೆ.

ಆರಂಭದಲ್ಲಿ ಹೇಳಿದ ತಾಯಿಯ ವಿಷಯಕ್ಕೆ ಬರೋಣ. ಗುರಿಕಾರರು ಒಂದೇ ತೆನೆ ತಂದುಕೊಟ್ಟರು. ಹಬ್ಬದ ಮಧ್ಯಾಹ್ನ ಆ ತಾಯಿ ಎರಡೂ ಮನೆಯ ಊಟಕ್ಕೆ ಹೋಗದೆ, ಹೊಸಕ್ಕಿ ಬೆರೆಸಿದ ಹಾಲಿನ ಬಟ್ಟಲು ಹಿಡಿದು ತಮ್ಮ ಹಳೆಯ ಮನೆಯ ಜಗಲಿಯಲ್ಲಿ ಕುಳಿತರು. ಮೊದಲು ಬಂದದ್ದು ಎರಡೂ ಕಡೆಯ ಮೊಮ್ಮಕ್ಕಳು. ಅವರನ್ನು ಹುಡುಕುತ್ತ ಸೊಸೆಯಂದಿರು ಬಂದರು. ಅಣ್ಣ ಬಂದ. ತಮ್ಮ ಬರುವಾಗ ಎರಡು ಗಂಟೆ ದಾಟಿತ್ತು. ಯಾರೂ ಹೆಚ್ಚು ಮಾತಾಡಲಿಲ್ಲ. ತಾಯಿ ಹಂಚಿದರು, ಎಲ್ಲರೂ ಕುಡಿದರು. ಎರಡು ಮನೆಯ ಅಡುಗೆ ಜಗಲಿಗೆ ಬಂತು.

ಬಾವಿಯ ದಾರಿಯ ತಕರಾರು ಒಂದೇ ಊಟದಲ್ಲಿ ಮುಗಿಯಲಿಲ್ಲ. ಧರ್ಮಗುರುಗಳ ಎದುರು ಮೂರು ಸಲ ಕೂತು, ಸರ್ವೆಯವರನ್ನು ಕರೆಸಿ ಅಳೆಸಿ, ದಾರಿ ಇಬ್ಬರಿಗೂ ಸೇರಿದ್ದೆಂದು ಕಾಗದದಲ್ಲಿ ಬರೆಸಿಕೊಳ್ಳುವ ಹೊತ್ತಿಗೆ ಮುಂದಿನ ವರ್ಷದ ನೊವೆನಾ ಬಂದಿತ್ತು. ಗೋಡೆ ಈಗಲೂ ಇದೆ. ಬಾವಿಯ ಹತ್ತಿರ ಅದಕ್ಕೊಂದು ಗೇಟು ಇಟ್ಟಿದ್ದಾರೆ. ಆ ತಾಯಿ ಈಗ ಇಲ್ಲ, ಆದರೆ ಆ ಹಿತ್ತಿಲಿಗೆ ಗುರಿಕಾರರು ಇಂದಿಗೂ ಒಂದೇ ತೆನೆ ಬರೆದುಕೊಳ್ಳುತ್ತಾರೆ.

ಪ್ರಿಯ ಓದುಗರೇ, ಈ ಹಬ್ಬಕ್ಕೆ ಎಲೆಗಳ ಲೆಕ್ಕ ಹಾಕುವಾಗ ದೂರದ ಊರಿನಲ್ಲಿರುವವರನ್ನು ಹೇಗೂ ನೆನೆಯುತ್ತೀರಿ. ಅದರೊಂದಿಗೆ, ಗೋಡೆಯ ಆಚೆ ಇರುವವರ ಹೆಸರಿಗೂ ಒಂದು ಎಲೆ ಕೊಯ್ದಿಡಿ. ಕರೆಯುವುದು ನಮ್ಮ ಕೆಲಸ, ಮನಸ್ಸು ತಿರುಗಿಸುವುದು ದೇವರ ಕೆಲಸ. ತಮ್ಮ ಪುಟ್ಟ ಮನೆಯಲ್ಲಿ ಮಗುವನ್ನು ಪ್ರೀತಿಯಿಂದ ಬೆಳೆಸಿದ ಸಂತ ಜೋಕಿಂ ಮತ್ತು ಅನ್ನಮ್ಮನವರು, ಅವರ ಮಗಳಾದ ಮರಿಯಮ್ಮನವರು ನಮ್ಮ ಎಲ್ಲ ಕುಟುಂಬಗಳಿಗಾಗಿ ಪ್ರಾರ್ಥಿಸಲಿ. ಎಲ್ಲರಿಗೂ ತೆನೆ ಹಬ್ಬದ ಶುಭಾಶಯಗಳು.